ಕೇಳುವುದಕ್ಕಾಗಿ ಕಟ್ಟಿದ ದೇವಾಲಯ



ಮಾಗಡಿ ಸೀಮೆಯ ಸಾವನದುರ್ಗವನ್ನು ನೀವೆಲ್ಲರೂ ಬಲ್ಲಿರಿ. 1791ರ ಡಿಸೆಂಬರ್ 21ರಂದು, ಮೂರನೆಯ ಮೈಸೂರು ಯುದ್ಧದಲ್ಲಿ, ಕಾರ್ನ್‌ವಾಲಿಸನ ಸೇನೆ ಅದನ್ನು ಟಿಪ್ಪುವಿನಿಂದ ಕಿತ್ತುಕೊಂಡಿತು. ಬೆಟ್ಟವೇರಿದವರಲ್ಲಿ ಸ್ಕಾಟ್ಲೆಂಡಿನ ಸೈನಿಕರೂ ಇದ್ದರು. ಅವರ ನಾಡಿನ ಮುಖ್ಯ ಸಭೆ ಪ್ರೆಸ್ಬಿಟೇರಿಯನ್ ಸಭೆ. ಮುಂದೆ 1809ರಲ್ಲಿ ಬೆಂಗಳೂರಿನಲ್ಲಿ ದಂಡು ನೆಲೆಗೊಂಡಿತು. ಆದರೂ ಅಲ್ಲಿನ ಸ್ಕಾಟರು ತಮ್ಮದೇ ದೇವಾಲಯಕ್ಕಾಗಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. ಕಬ್ಬನ್ ರಸ್ತೆಯ ಸಂತ ಆಂಡ್ರ್ಯೂ ದೇವಾಲಯಕ್ಕೆ ಅಡಿಗಲ್ಲು ಬಿದ್ದದ್ದು 1864ರಲ್ಲಿ, ಮೊದಲ ಆರಾಧನೆ ನಡೆದದ್ದು 1866ರಲ್ಲಿ.

ಗುರುಮಠದ ವಿದ್ಯಾರ್ಥಿಯಾಗಿದ್ದಾಗ ನಾನು ಮೊದಲ ಬಾರಿಗೆ ಅದರ ಒಳಹೊಕ್ಕೆ. ಹೊರಗಿನ ಕೆಂಪು ಬಣ್ಣ, ಗಾಥಿಕ್ ಕಮಾನುಗಳು, ಸುಮಾರು 90 ಅಡಿ ಎತ್ತರದ ಗೋಪುರ ನನಗೆ ಹೊಸದೆನಿಸಲಿಲ್ಲ. ಒಳಗೆ ಮಾತ್ರ ತಬ್ಬಿಬ್ಬಾದೆ. ಅಭ್ಯಾಸಬಲದಿಂದ ಮಂಡಿಯೂರಲು ಹೋಗಿ, ಪ್ರಸಾದ ಪೆಟ್ಟಿಗೆ ಎಲ್ಲಿದೆಯೆಂದು ಹುಡುಕಿದೆ. ಇರಲಿಲ್ಲ. ಸಂತರ ಪ್ರತಿಮೆಗಳೂ ಇರಲಿಲ್ಲ.

ಆ ಕಟ್ಟಡದ ತರ್ಕವೇ ಬೇರೆ. ಪ್ರೆಸ್ಬಿಟೇರಿಯನ್ ಎಂಬುದರ ಮೂಲ, 'ಹಿರಿಯ' ಎಂಬ ಅರ್ಥದ ಗ್ರೀಕ್ ಪದ. (ಇಂಗ್ಲಿಷಿನಲ್ಲಿ ನಮ್ಮಂಥ ಗುರುಗಳನ್ನು ಕರೆಯುವ 'ಪ್ರೀಸ್ಟ್' ಎಂಬ ಪದ ಹುಟ್ಟಿದ್ದೂ ಅದರಿಂದಲೇ!) ಆ ಪಂಥದಲ್ಲಿ ಧರ್ಮಾಧ್ಯಕ್ಷರಿಲ್ಲ. ಬೋಧಕರೂ ಸಭಿಕರು ಆರಿಸಿದ ಹಿರಿಯರೂ ಕೂಡಿ ಸಭೆಯನ್ನು ನಡೆಸುತ್ತಾರೆ. ಬಲಿಪೀಠದ ಬದಲು ಅಲ್ಲಿರುವುದು ಪ್ರಭುಭೋಜನದ ಮೇಜು. ಎಲ್ಲಕ್ಕಿಂತ ಮುಖ್ಯವಾದದ್ದು ಎತ್ತರದ ಪ್ರವಚನ ಪೀಠ. ದೇವರ ವಾಕ್ಯ ಕೊನೆಯ ಸಾಲಿನವನಿಗೂ ಸ್ಪಷ್ಟವಾಗಿ ಕೇಳಬೇಕು, ಮಿಕ್ಕಿದ್ದೆಲ್ಲ ಆಮೇಲೆ. ವಾದ್ಯಗಳನ್ನೂ ಅವರು ಬಹುಕಾಲ ದೂರವಿಟ್ಟಿದ್ದರು. ಸಂತ ಆಂಡ್ರ್ಯೂ ದೇವಾಲಯಕ್ಕೆ ಪೈಪ್ ಆರ್ಗನ್ ಬಂದದ್ದು 1881ರಲ್ಲಿ. ಇಂದು ಆ ದೇವಾಲಯ ಧರ್ಮಾಧ್ಯಕ್ಷರುಳ್ಳ ದಕ್ಷಿಣ ಭಾರತ ಸಭೆಗೆ ಸೇರಿದೆ. ಅದನ್ನು ಕಟ್ಟಿಸಿದ ಹಿರಿಯರು ಇದಕ್ಕೆ ಏನೆನ್ನುತ್ತಿದ್ದರೋ!

ಆ ಬರಿಗೋಡೆಗಳನ್ನು ಅಂದು ನಾನು ಬಡತನವೆಂದು ಭಾವಿಸಿದೆ. ಅದು ನನ್ನ ತಪ್ಪು. ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ತರುವಾಯ ನಾವೂ ವಾಚನಪೀಠಕ್ಕೆ ಗೌರವದ ಸ್ಥಾನ ಕೊಟ್ಟೆವಲ್ಲವೇ?

ಇದನ್ನು ಬರೆಯಲು ಕಾರಣವಿದೆ. ನಮ್ಮ ಹಳ್ಳಿಗಳಲ್ಲಿ ಹಳೆಯ ಹೆಂಚಿನ ದೇವಾಲಯಗಳನ್ನು ಕೆಡವಿ ಕಾಂಕ್ರೀಟಿನವನ್ನು ಕಟ್ಟುವ ಉತ್ಸಾಹ ಹೆಚ್ಚುತ್ತಿದೆ. ಜನ ಹೆಚ್ಚಿದಾಗ ಜಾಗ ಬೇಕು, ನಿಜ. ಆದರೆ ಅಂಥದೊಂದು ಹೊಸ ದೇವಾಲಯದಲ್ಲಿ ಬಲಿಪೂಜೆ ಅರ್ಪಿಸಿದಾಗ ನನ್ನ ಮಾತು ಗೋಡೆಗೆ ಬಡಿದು ನನಗೇ ಮರಳಿತು. ಧ್ವನಿವರ್ಧಕ ಹಾಕಿದರೆ ಗದ್ದಲವೇ ಹೆಚ್ಚಿತು. ಹಿಂದಿನ ಸಾಲಿನ ಅಜ್ಜಿಯೊಬ್ಬರು ಪೂಜೆ ಮುಗಿದ ಮೇಲೆ, "ಸ್ವಾಮಿ, ಹಳೇ ಗುಡೀಲಿ ಎಲ್ಲಾ ಕೇಳಿಸ್ತಿತ್ತು" ಎಂದರು. ಮರದ ತೊಲೆಗಳೂ ಸಂದುಗಳುಳ್ಳ ಹೆಂಚೂ ಸದ್ದನ್ನು ನುಂಗುತ್ತವೆ. ನುಣುಪಾದ ಕಾಂಕ್ರೀಟು ಅದನ್ನು ಹಿಂದಕ್ಕೆಸೆಯುತ್ತದೆ.

ಅಂದಹಾಗೆ, ನಾವು ಮಂಗಳೂರು ಹೆಂಚೆಂದು ಕರೆಯುವ ಹೆಂಚನ್ನು ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ತಯಾರಿಸತೊಡಗಿದರು. ಅವರು ಲೂಥರನ್ ಮತ್ತು ರಿಫಾರ್ಮ್ಡ್ ಪರಂಪರೆಗಳವರು. ಈ ಎರಡನೆಯದು ಪ್ರೆಸ್ಬಿಟೇರಿಯನ್ನರ ತಾಯಿಬೇರು. ಅವರು ರೂಢಿಸಿದ ಆ ಹೆಂಚಿನ ಕೆಳಗೆ ಎಷ್ಟೋ ತಲೆಮಾರುಗಳ ಕಥೋಲಿಕರು ಜಪಸರ ಪ್ರಾರ್ಥಿಸಿದ್ದಾರೆ.

ನಿಮ್ಮೂರಿನ ಹಳೆಯ ದೇವಾಲಯವನ್ನು ಕೆಡವುವ ಮಾತು ಬಂದರೆ, ಒಂದು ಭಾನುವಾರ ಧ್ವನಿವರ್ಧಕವಿಲ್ಲದೆ ಮಗುವೊಂದರಿಂದ ವಾಚನ ಓದಿಸಿ, ಕೊನೆಯ ಸಾಲಿನಲ್ಲಿ ನಿಂತು ಕೇಳಿ. ಕೆಡವಲೇಬೇಕಾದರೆ, ಹೆಂಚುಗಳನ್ನು ಮಾರುವ ಮುನ್ನ ಒಂದನ್ನು ಮಗುಚಿ ನೋಡಿ. ಅದರ ಮೇಲೆ ಕಾರ್ಖಾನೆಯ ಹೆಸರು ಅಚ್ಚಾಗಿದ್ದೀತು.