ಬಿ-52 ಅಪಘಾತಗಳು: ಉಳಿದದ್ದು ಒಂದೇ ಸ್ವಿಚ್ಚು

ಅಮೆರಿಕದ ವಾಯುಪಡೆಯ ಬಿ-52 ಬಾಂಬರ್ ವಿಮಾನ ಮೊದಲ ಸಲ ಹಾರಿದ್ದು 1952ರ ಏಪ್ರಿಲ್ 15ರಂದು. ಎಂಟು ಜೆಟ್ ಎಂಜಿನ್‌ಗಳು; ತುದಿಯಿಂದ ತುದಿಗೆ ಸುಮಾರು 56 ಮೀಟರ್ ಹರಡಿದ ರೆಕ್ಕೆಗಳು. 1962ರವರೆಗೆ ಇಂಥ 744 ವಿಮಾನಗಳು ತಯಾರಾದವು. ಅವುಗಳಲ್ಲಿ ಕೆಲವು ಇಂದಿಗೂ ಸೇವೆಯಲ್ಲಿವೆ.

ಶೀತಲ ಸಮರದ ದಿನಗಳಲ್ಲಿ ಇವಕ್ಕೆ ಒಂದು ವಿಶೇಷ ಹೊಣೆ ವಹಿಸಲಾಗಿತ್ತು. ಸೋವಿಯತ್ ಒಕ್ಕೂಟ ಹಠಾತ್ತನೆ ದಾಳಿ ಮಾಡಿ ನೆಲದ ಮೇಲಿದ್ದ ವಿಮಾನಗಳನ್ನೆಲ್ಲ ನಾಶ ಮಾಡಿದರೆ ಪ್ರತಿದಾಳಿಗೆ ಕೆಲವಾದರೂ ಉಳಿದಿರಬೇಕಲ್ಲ! ಹಾಗಾಗಿ 1960ರ ದಶಕದಲ್ಲಿ ಕೆಲವು ಬಿ-52 ವಿಮಾನಗಳನ್ನು ಹೈಡ್ರೊಜನ್ ಬಾಂಬುಗಳ ಸಮೇತ ಹಗಲೂ ರಾತ್ರಿ ಆಕಾಶದಲ್ಲೇ ಇರಿಸುತ್ತಿದ್ದರು. ಹಾರಾಟದ ನಡುವೆಯೇ ಇನ್ನೊಂದು ವಿಮಾನದಿಂದ ಇಂಧನ ತುಂಬಿಸಿಕೊಳ್ಳಬೇಕಾಗಿತ್ತು. ಇಷ್ಟು ದೀರ್ಘ ಹಾರಾಟಗಳಲ್ಲಿ ವಿಮಾನಗಳು ಬೀಳುವುದು ಅನಿವಾರ್ಯ. ಆದರೆ ಇಲ್ಲಿ ವಿಮಾನ ಬಿದ್ದರೆ ಅದರೊಡನೆ ಬಾಂಬೂ ಬೀಳುತ್ತಿತ್ತು.

1961ರ ಜನವರಿ 24ರ ನಡುರಾತ್ರಿಯ ನಂತರ ಉತ್ತರ ಕೆರೊಲೈನಾ ರಾಜ್ಯದ ಗೋಲ್ಡ್ಸ್‌ಬರೊ ಬಳಿ ನಡೆದದ್ದು ಅದೇ. ಬಿ-52 ವಿಮಾನದ ಬಲ ರೆಕ್ಕೆಯಿಂದ ಇಂಧನ ಸೋರತೊಡಗಿತು. ಇಳಿಯುವ ಪ್ರಯತ್ನದಲ್ಲಿದ್ದಾಗಲೇ ಹತೋಟಿ ತಪ್ಪಿ ವಿಮಾನ ಗಾಳಿಯಲ್ಲಿ ಮುರಿಯಿತು. ಎಂಟು ಮಂದಿಯಲ್ಲಿ ಮೂವರು ಸತ್ತರು. ಒಳಗಿದ್ದ ಎರಡು ಬಾಂಬುಗಳು ಕಳಚಿಬಿದ್ದವು. ಒಂದೊಂದರ ಶಕ್ತಿ ಸುಮಾರು 3.8 ಮೆಗಾಟನ್, ಎಂದರೆ ಹಿರೋಶಿಮಾ ಬಾಂಬಿನ ಸುಮಾರು 250 ಪಟ್ಟು.

ಇಂಥ ಬಾಂಬು ಸಿಡಿಯಬೇಕಾದರೆ ಹಲವು ಹಂತಗಳು ಕ್ರಮವಾಗಿ ಜರುಗಬೇಕು. ವಿಮಾನದಿಂದ ಬೀಳುವಾಗ ಕೆಲವು ಕಡ್ಡಿಗಳು ಹೊರಬರಬೇಕು, ಕಾಲಮಾಪಕ ಓಡಬೇಕು, ಪ್ಯಾರಾಚೂಟ್ ಬಿಚ್ಚಿಕೊಳ್ಳಬೇಕು, ಬ್ಯಾಟರಿಗಳು ಚಾಲೂ ಆಗಬೇಕು. ಪ್ರತಿಯೊಂದು ಹಂತವೂ ಒಂದು ಬೀಗವಿದ್ದಂತೆ. ಒಂದು ಬೀಗ ಆಕಸ್ಮಿಕವಾಗಿ ತೆರೆದುಕೊಳ್ಳುವ ಸಂಭವನೀಯತೆ ನೂರರಲ್ಲಿ ಒಂದು ಎಂದು ಇಟ್ಟುಕೊಳ್ಳೋಣ. ನಾಲ್ಕೂ ತೆರೆದುಕೊಳ್ಳುವ ಸಂಭವನೀಯತೆ ಎಷ್ಟು? ಗುಣಿಸಿದರೆ ಹತ್ತು ಕೋಟಿಯಲ್ಲಿ ಒಂದು. ಹೆದರಬೇಕಾಗಿಲ್ಲ ಎನ್ನಿಸುತ್ತದೆ.

ಆದರೆ ಹೀಗೆ ಗುಣಿಸಲು ಒಂದು ಷರತ್ತಿದೆ. ಆ ಘಟನೆಗಳು ಒಂದನ್ನೊಂದು ಅವಲಂಬಿಸಿರಬಾರದು. ಗೋಲ್ಡ್ಸ್‌ಬರೊದಲ್ಲಿ ಈ ಷರತ್ತು ಮುರಿಯಿತು. ವಿಮಾನ ಗಿರಗಿರನೆ ತಿರುಗುತ್ತ ಒಡೆದಾಗ ಒಂದು ಬಾಂಬಿನ ಕಡ್ಡಿಗಳು ತಾವಾಗಿಯೇ ಎಳೆದುಕೊಂಡು ಹೊರಬಂದವು. ಯಾರೋ ಬೇಕೆಂದೇ ಬಾಂಬು ಹಾಕಿದರೆ ಹೇಗೋ ಹಾಗೆ, ಮುಂದಿನ ಹಂತಗಳು ಒಂದರ ಹಿಂದೊಂದು ನಡೆದುಹೋದವು. ಕೊನೆಗೆ ಉಳಿದದ್ದು ವಿಮಾನದೊಳಗಿಂದ ನಿಯಂತ್ರಿಸುತ್ತಿದ್ದ ಒಂದು ಕಡಿಮೆ ವೋಲ್ಟೇಜಿನ ಸ್ವಿಚ್ಚು. ಅದು 'ಸುರಕ್ಷಿತ' ಸ್ಥಾನದಲ್ಲಿತ್ತು. ಸ್ಯಾಂಡಿಯಾ ಪ್ರಯೋಗಾಲಯದ ಪಾರ್ಕರ್ ಜೋನ್ಸ್ ಎಂಬ ತಜ್ಞ 1969ರಲ್ಲಿ ಈ ಸಂಗತಿಯನ್ನು ವಿಶ್ಲೇಷಿಸಿ, ದೇಶಕ್ಕೂ ಮಹಾವಿಪತ್ತಿಗೂ ನಡುವೆ ಇದ್ದದ್ದು ಈ ಒಂದೇ ಸ್ವಿಚ್ಚು ಎಂದು ಬರೆದ. ಆ ಬರಹ ಸಾರ್ವಜನಿಕರಿಗೆ ತಿಳಿದದ್ದು 2013ರಲ್ಲಿ. ಎರಡನೆಯ ಬಾಂಬು ಪ್ಯಾರಾಚೂಟ್ ಇಲ್ಲದೆ ಕೆಸರುಹೊಲಕ್ಕೆ ಅಪ್ಪಳಿಸಿ ಒಡೆಯಿತು. ಅಂತರ್ಜಲ ಉಕ್ಕಿದ್ದರಿಂದ ಅಗೆಯುವುದು ಕಷ್ಟವಾಗಿ, ಅದರ ಯುರೇನಿಯಂ ಭಾಗವನ್ನು ಭೂಮಿಯೊಳಗೇ ಬಿಟ್ಟರು.

ಇದನ್ನು ತರಗತಿಯಲ್ಲಿ ಸುಲಭವಾಗಿ ತೋರಿಸಬಹುದು. ಬ್ಯಾಟರಿ ಸೆಲ್ಲು, ಸಣ್ಣ ಬಲ್ಬು ಮತ್ತು ಎರಡು ಸ್ವಿಚ್ಚುಗಳನ್ನು ಸರಣಿಯಲ್ಲಿ ಜೋಡಿಸಿ. ಒಂದನ್ನು ಒತ್ತಿದರೆ ಬಲ್ಬು ಹತ್ತದು. ಈಗ ತಗಡಿನ ಪಟ್ಟಿಗಳಿಂದ ಎಳೆದರೆ ಕೂಡಿಕೊಳ್ಳುವ ಎರಡು ಸ್ವಿಚ್ಚು ಮಾಡಿ, ಎರಡನ್ನೂ ಒಂದೇ ದಾರಕ್ಕೆ ಕಟ್ಟಿ. ದಾರ ಎಳೆಯಿರಿ, ಬಲ್ಬು ಹತ್ತಿಕೊಳ್ಳುತ್ತದೆ. ಸ್ವಿಚ್ಚುಗಳು ಎರಡೇ ಇವೆ, ಆದರೆ ರಕ್ಷಣೆ ಒಂದೇ ಆಯಿತು.

1966ರ ಜನವರಿ 17ರಂದು ಸ್ಪೇನಿನ ಪಾಲೊಮಾರೆಸ್ ಎಂಬ ಹಳ್ಳಿಯ ಮೇಲೆ, ಸುಮಾರು 9,450 ಮೀಟರ್ ಎತ್ತರದಲ್ಲಿ, ಬಿ-52 ಮತ್ತು ಅದಕ್ಕೆ ಇಂಧನ ತುಂಬಲು ಬಂದ ವಿಮಾನ ಡಿಕ್ಕಿ ಹೊಡೆದವು. ಏಳು ಮಂದಿ ಸತ್ತರು. ನಾಲ್ಕು ಬಾಂಬುಗಳಲ್ಲಿ ಮೂರು ನೆಲಕ್ಕೆ, ಒಂದು ಸಮುದ್ರಕ್ಕೆ ಬಿದ್ದವು. ಸಮುದ್ರಕ್ಕೆ ಬಿದ್ದದ್ದನ್ನು ಮೇಲೆತ್ತಲು ಏಪ್ರಿಲ್ 7ರವರೆಗೆ ಕಾಯಬೇಕಾಯಿತು. ನೆಲಕ್ಕೆ ಬಿದ್ದ ಎರಡು ಬಾಂಬುಗಳಲ್ಲಿದ್ದ ಸಾಮಾನ್ಯ ಸಿಡಿಮದ್ದು ಸಿಡಿಯಿತು. ಆದರೂ ಪರಮಾಣು ಸ್ಫೋಟ ಆಗಲಿಲ್ಲ. ಏಕೆ? ಸಿಡಿಮದ್ದು ಸುತ್ತಲೂ ಏಕಕಾಲಕ್ಕೆ ಸಿಡಿದು ಪ್ಲುಟೋನಿಯಂ ಗೋಳವನ್ನು ಎಲ್ಲ ಕಡೆಯಿಂದ ಸಮನಾಗಿ ಅದುಮಿದರೆ ಮಾತ್ರ ಸರಣಿ ಕ್ರಿಯೆ ಬೆಳೆಯುತ್ತದೆ. ಒಂದು ಬದಿಯಲ್ಲಿ ಸಿಡಿದರೆ ಗೋಳ ಚದುರಿಹೋಗುತ್ತದೆ. ಈ ರಕ್ಷಣೆ ಯಾವ ಸ್ವಿಚ್ಚನ್ನೂ ಅವಲಂಬಿಸಿಲ್ಲ. ಬಾಂಬಿನ ರಚನೆಯಲ್ಲೇ ಇದೆ.

ಹಾಗೆಂದು ಹಳ್ಳಿ ಪೂರ್ತಿ ಪಾರಾಗಲಿಲ್ಲ. ಪ್ಲುಟೋನಿಯಂ ಧೂಳು ಟೊಮ್ಯಾಟೊ ಹೊಲಗಳ ಮೇಲೆ ಹರಡಿತು. ಇದು ಸೂಸುವ ಆಲ್ಫಾ ಕಣಗಳು ಚರ್ಮವನ್ನು ದಾಟಲಾರವು. ಆದರೆ ಧೂಳು ಉಸಿರಿನೊಡನೆ ಶ್ವಾಸಕೋಶ ಸೇರಿದರೆ ಅಪಾಯ. ಅದರ ಅರ್ಧಾಯು ಸುಮಾರು 24,000 ವರ್ಷ. ಸುಮಾರು 1,400 ಟನ್ ಮಣ್ಣು ಮತ್ತು ಬೆಳೆಯನ್ನು ಪೀಪಾಯಿಗಳಲ್ಲಿ ತುಂಬಿ ಅಮೆರಿಕಕ್ಕೆ ಸಾಗಿಸಿದರು. ಉಳಿದ ಮಣ್ಣಿನ ಬಗ್ಗೆ ಎರಡು ದೇಶಗಳು 2015ರಲ್ಲೂ ಮಾತುಕತೆ ನಡೆಸುತ್ತಿದ್ದವು. ಬೈಲಹೊಂಗಲ, ಸವದತ್ತಿ ಕಡೆಯ ಎರೆಹೊಲದ ರೈತರಿಗೆ ಮೇಲ್ಮಣ್ಣು ಹೋದರೆ ಏನು ಹೋದಂತೆ ಎಂದು ವಿವರಿಸಬೇಕಾಗಿಲ್ಲ.

ಎರಡು ವರ್ಷಗಳ ನಂತರ, 1968ರ ಜನವರಿ 21ರಂದು, ಗ್ರೀನ್‌ಲ್ಯಾಂಡಿನ ಥುಲೆ ಬಳಿ ಇನ್ನೊಂದು ಬಿ-52 ಹಿಮಗಟ್ಟಿದ ಸಮುದ್ರದ ಮೇಲೆ ಬಿತ್ತು. ಕಾರಣ ಯಾರೂ ಊಹಿಸದಷ್ಟು ಸಣ್ಣದು. ಆಸನದ ಕೆಳಗೆ, ಬಿಸಿಗಾಳಿ ಬರುವ ಕಿಂಡಿಯ ಹತ್ತಿರ ಇಟ್ಟಿದ್ದ ರಬ್ಬರ್ ನೊರೆಯ ದಿಂಬುಗಳು ಹೊತ್ತಿಕೊಂಡವು. ಒಬ್ಬ ಸತ್ತ, ಆರು ಮಂದಿ ಬದುಕಿದರು. ನಾಲ್ಕೂ ಬಾಂಬುಗಳ ಸಿಡಿಮದ್ದು ಸಿಡಿದು ಹಿಮ ಕಲುಷಿತವಾಯಿತು. ಇದರ ಬೆನ್ನಲ್ಲೇ ಬಾಂಬು ಹೊತ್ತು ಸದಾ ಹಾರುವ ಕ್ರಮ ನಿಂತಿತು.

ಮುಂದಿನ ಬಾಂಬುಗಳ ವಿನ್ಯಾಸದಲ್ಲಿ ತಜ್ಞರು ಬೀಗಗಳ ಸಂಖ್ಯೆ ಹೆಚ್ಚಿಸುವುದಷ್ಟಕ್ಕೇ ನಿಲ್ಲಲಿಲ್ಲ. ಬೆಂಕಿಗೂ ಪೆಟ್ಟಿಗೂ ಸುಲಭವಾಗಿ ಸಿಡಿಯದ ಮದ್ದು ಬಂತು. ಅಪಘಾತದಲ್ಲಿ ತಾನಾಗಿ ಹುಟ್ಟಲಾರದ ವಿಶಿಷ್ಟ ಸಂಕೇತಕ್ಕೆ ಮಾತ್ರ ತೆರೆಯುವ 'ಬಲವಾದ ಕೊಂಡಿ' ಬಂತು. ಶಾಖಕ್ಕೆ ಎಲ್ಲಕ್ಕಿಂತ ಮೊದಲು ಕೆಟ್ಟು ವಿದ್ಯುತ್ ಮಂಡಲವನ್ನು ಶಾಶ್ವತವಾಗಿ ನಿಷ್ಕ್ರಿಯಗೊಳಿಸುವ 'ದುರ್ಬಲ ಕೊಂಡಿ' ಬಂತು. ಬೇರೆ ಬೇರೆ ತತ್ತ್ವದ ಮೇಲೆ ನಿಂತ ರಕ್ಷಣೆಗಳು ಒಂದೇ ಕಾರಣಕ್ಕೆ ಒಟ್ಟಿಗೆ ಸೋಲುವುದು ಕಷ್ಟ.

ಈ ವಿಚಾರ ಬಾಂಬುಗಳಿಗಷ್ಟೇ ಸೀಮಿತವಲ್ಲ. ರಾಮದುರ್ಗ ಅಥವಾ ಕಿತ್ತೂರು ತಾಲ್ಲೂಕಿನ ಒಂದು ಊರಿನ ಕುಡಿಯುವ ನೀರಿಗೆ ಎರಡು ಪಂಪು ಕೂರಿಸಿ, ಎರಡಕ್ಕೂ ಒಂದೇ ಟಿ.ಸಿ.ಯಿಂದ ಕರೆಂಟು ಕೊಟ್ಟಿದ್ದಾರೆ ಎನ್ನೋಣ. ಟಿ.ಸಿ. ಸುಟ್ಟ ದಿನ ಆ ಊರಿಗೆ ಎಷ್ಟು ಪಂಪು ಇದ್ದಂತಾಯಿತು? ವಿದ್ಯಾರ್ಥಿಗಳು ತಮ್ಮ ಶಾಲೆ, ಮನೆ, ಊರುಗಳಲ್ಲಿ ಇಂಥ 'ಒಂದೇ ದಾರಕ್ಕೆ ಕಟ್ಟಿದ ಸ್ವಿಚ್ಚು'ಗಳು ಎಲ್ಲೆಲ್ಲಿ ಇವೆ ಎಂದು ಪಟ್ಟಿ ಮಾಡಲಿ. ಸುರಕ್ಷತೆಯ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.