ವೋಲ್ಟೇಜ್

ವಿದ್ಯುನ್ಮಂಡಲದ ಎರಡು ಬಿಂದುಗಳ ನಡುವಿನ ವಿಭವಾಂತರ. ಮಾನ ವೋಲ್ಟ್, 1800ರಲ್ಲಿ ವಿದ್ಯುತ್ಕೋಶವನ್ನು ಪ್ರಕಟಿಸಿದ ಇಟಲಿಯ ವಿಜ್ಞಾನಿ ಅಲೆಸ್ಸಾಂಡ್ರೊ ವೋಲ್ಟಾನ ಹೆಸರಿನದು. ತಂತಿಯಲ್ಲಿ ಹರಿಯುವುದು ಪ್ರವಾಹ, ಅದನ್ನು ಹರಿಸುವುದು ಈ ಅಂತರ. ಸರಣಿ ಜೋಡಣೆಯಲ್ಲಿ ವೋಲ್ಟೇಜ್ ರೋಧಕ್ಕೆ ತಕ್ಕಂತೆ ಹಂಚಿಹೋಗುತ್ತದೆ: 12 ವೋಲ್ಟ್ ಬ್ಯಾಟರಿಗೆ 2 ಮತ್ತು 4 ಓಮ್ ರೋಧಕಗಳನ್ನು ಸೇರಿಸಿದರೆ ಅವುಗಳ ಪಾಲು 4 ಮತ್ತು 8 ವೋಲ್ಟ್. ಸಮಾಂತರದಲ್ಲಿ ಎಲ್ಲಕ್ಕೂ ಒಂದೇ.

ಮರೆಯುವ ಸಂಗತಿಯೆಂದರೆ, ತಂತಿಗೂ ರೋಧವುಂಟು. ಟ್ರಾನ್ಸ್‌ಫಾರ್ಮರ್‌ನಿಂದ ದೂರದ ತೋಟದ ಪಂಪ್‌ಸೆಟ್‌ಗೆ ‘ಲೋ ವೋಲ್ಟೇಜ್’ ಕಾಟ ಇದರಿಂದಲೇ. ಮೋಟಾರು ಹೆಚ್ಚು ಪ್ರವಾಹ ಎಳೆದು ಬಿಸಿಯೇರಿ ವೈಂಡಿಂಗ್ ಸುಟ್ಟುಕೊಳ್ಳುತ್ತದೆ. ವೋಲ್ಟೇಜ್ ಏರಿಸಿದರೆ ಅಷ್ಟೇ ವಿದ್ಯುತ್ತಿಗೆ ಕಡಿಮೆ ಪ್ರವಾಹ ಸಾಕು, ತಂತಿಯಲ್ಲಿನ ನಷ್ಟವೂ ತಗ್ಗುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಸಾಗಿದ್ದು ಹೀಗೆ, ಅಧಿಕ ವೋಲ್ಟೇಜಿನಲ್ಲಿ.