ಜಯನಗರದ ಬೀದಿಗಳಲ್ಲಿ

ನಮ್ಮ ರಟ್ಟೀಹಳ್ಳಿಯು ಕುಮುದ್ವತೀತೀರದಲ್ಲಿ, ಕದಂಬೇಶ್ವರನ ಗುಡಿಯ ಆಶ್ರಯದಲ್ಲಿ, ಶತಮಾನಗಳಿಂದ ತಾನಾಗಿ ಬೆಳೆದ ಊರು. ಮೊದಲು ಕಾಗದದ ಮೇಲೆ ಗೆರೆಯಾಗಿ ಹುಟ್ಟಿ ಬಳಿಕ ನೆಲಕ್ಕಿಳಿದ ಊರನ್ನು ಕಾಣಬಯಸುವ ವಾಚಕರು ಬೆಂಗಳೂರಿನ ಜಯನಗರದಲ್ಲಿ ಒಂದು ಬೆಳಗು ನಡೆಯತಕ್ಕದ್ದು.

ಲಾಲ್‌ಬಾಗಿನ ಸಮೀಪದ ಅಶೋಕಸ್ತಂಭದಿಂದ ಹೊರಡುವುದು ಯುಕ್ತ. ಎರಡನೆಯ ಮಹಾಯುದ್ಧದ ತರುವಾಯ ಜನಭರಿತವಾದ ನಗರವನ್ನು ಹಿಗ್ಗಿಸಲು, ೧೯೪೫ರಲ್ಲಿ ಸ್ಥಾಪಿತವಾಗಿದ್ದ ನಗರಾಭಿವೃದ್ಧಿ ವಿಶ್ವಸ್ಥ ಮಂಡಲಿಯು ಈ ಬಡಾವಣೆಯನ್ನು ರಚಿಸಿತು. ೧೯೪೮ರಲ್ಲಿ ಅಂದಿನ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರ್ಯರು ಶಂಕುಸ್ಥಾಪನೆಗೈದರು. ಸ್ತಂಭವು ಅದರ ಸ್ಮಾರಕ.

ಮುಂದೆ ನಡೆದಂತೆ ಮರಗಳ ನೆರಳು ಧಾರಾಳ, ಬೀದಿಗಳು ನೇರ. ಆದರೆ ಅವುಗಳಿಗೆ ಬಹುಮಟ್ಟಿಗೆ ಹೆಸರಿಲ್ಲ. ಇಂತಿಷ್ಟನೆಯ ಬ್ಲಾಕು, ಇಂತಿಷ್ಟನೆಯ ಮೇನು, ಕ್ರಾಸು! ಅಂಚೆಯವನಿಗೆ ಇದು ಅನುಕೂಲವೇ ಸರಿ. ಹಳ್ಳಿಯ ಓಣಿಯಾದರೋ ತನ್ನ ಹೆಸರಿನಲ್ಲಿಯೇ ಕುಲವನ್ನೋ ಕಸುಬನ್ನೋ ದೈವವನ್ನೋ ನುಡಿಯುವುದು. ಅಂಕಿಯು ಏನನ್ನೂ ನುಡಿಯದು. ಭೈರಸಂದ್ರ, ಯಡಿಯೂರು ಮೊದಲಾದ ಹಳ್ಳಿಗಳ ಹೊಲಗದ್ದೆಗಳು ಈ ಅಂಕಿಗಳ ಕೆಳಗೆ ಅಡಗಿಹೋದವು.

ಒಂದು ವೃತ್ತಕ್ಕೆ 'ಸೌತ್ ಎಂಡ್', ಎಂದರೆ ತೆಂಕಣ ಕೊನೆ, ಎಂಬ ಹೆಸರು. ಊರು ಅಲ್ಲಿಗೇ ಮುಗಿದೀತೆಂದು ಅಂದು ಬಗೆದಿದ್ದರು! ಇಂದು ಅದು ಆ ಕೊನೆಯನ್ನು ದಾಟಿ ಬಹುದೂರ ಸಾಗಿದೆ. ಯಡಿಯೂರಿನ ಕೆರೆ ಮಾತ್ರ ತನ್ನ ಹಳ್ಳಿಯ ಹೆಸರನ್ನು ಹೊತ್ತು ಮನೆಗಳ ನಡುವೆ ಈಗಲೂ ಉಳಿದಿದೆ.